ಹಳೆಯ ಒಡಲು, ಹೊಸ ಎಂಜಿನ್

ಅಮೆರಿಕದ ಮಯಾಮಿ ನಗರದಿಂದ ಬಹಾಮಾ ದ್ವೀಪಗಳ ರಾಜಧಾನಿಯಾದ ನಸ್ಸಾವಿನವರೆಗೆ ಕಡಲಿನ ಮೇಲೆ ಯಂತ್ರದೋಣಿಗಳ ಪಂದ್ಯವೊಂದು ನಡೆಯುತ್ತಿತ್ತು. 1960ನೆಯ ಇಸವಿಯ ಪಂದ್ಯದ ದಿನ ಸಮುದ್ರವು ಮುನಿದು ನಿಂತಿತ್ತು. ಆಳೆತ್ತರವನ್ನು ಮೀರಿದ ಅಲೆಗಳು ಒಂದರ ಬೆನ್ನಿಗೆ ಒಂದು ಎದ್ದು ಬರುತ್ತಿದ್ದವು. ಅಂದಿನ ವೇಗದ ದೋಣಿಗಳ ಅಡಿಭಾಗವು ಬಹುಮಟ್ಟಿಗೆ ಚಪ್ಪಟೆಯಾಗಿರುತ್ತಿತ್ತು. ತಿಳಿನೀರಿನಲ್ಲಿ ಅವು ಹಕ್ಕಿಯಂತೆ ಹಾರುತ್ತಿದ್ದವು. ಅಲೆಯೆದ್ದ ನೀರಿನಲ್ಲಾದರೋ ಪ್ರತಿಯೊಂದು ಅಲೆಯ ಮೇಲೂ ಬಡಿದು ಬಡಿದು ಬೀಳುತ್ತಿದ್ದವು. ಅಂತಹ ಕಡಲಿನಲ್ಲಿ ‘ಮಾಪಿ’ ಎಂಬ ಹೆಸರಿನ ಮೂವತ್ತೊಂದು ಅಡಿಯ ಮರದ ದೋಣಿಯೊಂದು ಅಲೆಗಳನ್ನು ಸೀಳಿಕೊಂಡು ಎಂಟು ಗಂಟೆಗಳಲ್ಲಿ ನಸ್ಸಾವನ್ನು ಮುಟ್ಟಿತು. ಎರಡನೆಯ ದೋಣಿ ಬಂದುದು ಎರಡು ಗಂಟೆಗಳ ಅನಂತರ. ಮೂರನೆಯದು ಬಂದುದು ಮಾರನೆಯ ದಿನ!

ಈ ಗೆಲುವಿಗೆ ಎಂಜಿನ್ನಿನ ಬಲವೊಂದೇ ಕಾರಣವಾಗಿರಲಿಲ್ಲ. ರೇ ಹಂಟ್ ಎಂಬ ವಿನ್ಯಾಸಕಾರನು ಆ ದೋಣಿಯ ಅಡಿಯನ್ನು ನೇಗಿಲಿನ ಗುಳದಂತೆ ಚೂಪಾಗಿ ರೂಪಿಸಿದ್ದನು. ಮುಂಭಾಗದಲ್ಲಿ ಮಾತ್ರವಲ್ಲದೆ ಹಿಂಬದಿಯ ತುದಿಯವರೆಗೂ ಆ ಚೂಪು ಉಳಿದಿತ್ತು. ನೀರಿನ ಮೇಲೆ ಬೀಳುವ ಬದಲು ಅದು ನೀರಿನೊಳಗೆ ಮೆತ್ತಗೆ ಇಳಿಯುತ್ತಿತ್ತು. ದೋಣಿಯ ಒಡೆಯನಾದ ರಿಚರ್ಡ್ ಬರ್ಟ್ರಮ್ ಪಂದ್ಯವನ್ನು ಗೆದ್ದು ಸುಮ್ಮನೆ ಕೂರಲಿಲ್ಲ. ಆ ಮರದ ದೋಣಿಯಿಂದಲೇ ಅಚ್ಚು ತೆಗೆಸಿ, ಅದೇ ಆಕಾರದ ದೋಣಿಗಳನ್ನು ಫೈಬರ್ ಗ್ಲಾಸಿನಲ್ಲಿ ತಯಾರಿಸತೊಡಗಿದನು. ‘ಬರ್ಟ್ರಮ್ 31’ ಎಂದು ಹೆಸರಾದ ಈ ದೋಣಿ 1961ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ತಯಾರಾಯಿತು. ಅವುಗಳಲ್ಲಿ ಹಲವು ಇಂದಿಗೂ ಕಡಲಿನಲ್ಲಿವೆ. ಆದರೆ ಮೊದಲಿನ ಎಂಜಿನ್ನುಗಳಿಂದ ಓಡುವವು ವಿರಳ. ಒಡಲು ಉಳಿದಿದೆ, ಎಂಜಿನ್ ಸತ್ತಿದೆ: ಇದು ಆ ಕಾಲದ ಸಾವಿರಾರು ದೋಣಿಗಳ ಸ್ಥಿತಿ.

ಗಾಜು ಒಡೆಯುವ ವಸ್ತು. ಅದರಿಂದ ದೋಣಿ ಕಟ್ಟುವುದು ಹೇಗೆ ಎಂಬ ಸಂದೇಹ ಬರಬಹುದು. ಗಾಜನ್ನು ಕರಗಿಸಿ ಕೂದಲಿಗಿಂತ ಸಣ್ಣ ಎಳೆಗಳಾಗಿ ಎಳೆದರೆ ಆ ಎಳೆಗಳಿಗೆ ಆಶ್ಚರ್ಯಕರವಾದ ಬಿಗಿ ಬರುತ್ತದೆ. ಅವುಗಳನ್ನು ಬಟ್ಟೆಯಂತೆ ನೇಯ್ದು ಅಥವಾ ಚಾಪೆಯಂತೆ ಹರಡಿ, ಪಾಲಿಎಸ್ಟರ್ ಎಂಬ ರಾಳದಲ್ಲಿ ತೋಯಿಸಿ, ಅಚ್ಚಿನೊಳಗೆ ಪದರದ ಮೇಲೆ ಪದರವಾಗಿ ಹಾಸುತ್ತಾರೆ. ರಾಳ ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ ಸಂದಿಲ್ಲದ, ಮೊಳೆಯಿಲ್ಲದ ಒಡಲು ಸಿದ್ಧವಾಗುತ್ತದೆ. ಗೋಡೆ ಕಟ್ಟುವವರು ಮಣ್ಣಿಗೆ ಹುಲ್ಲು ಬೆರೆಸಿ ಕಲಸುತ್ತಿದ್ದುದೂ ಇದೇ ತತ್ತ್ವದಿಂದ: ಮಣ್ಣು ಹುಲ್ಲನ್ನು ಹಿಡಿದಿಡುತ್ತದೆ, ಹುಲ್ಲು ಮಣ್ಣು ಬಿರಿಯದಂತೆ ತಡೆಯುತ್ತದೆ. ಓಹಾಯೋ ಪ್ರಾಂತದ ರೇ ಗ್ರೀನ್ ಎಂಬಾತನು 1942ರಲ್ಲಿ ಈ ವಿಧಾನದಿಂದ ಒಂದು ಚಿಕ್ಕ ದೋಣಿಯನ್ನು ಮಾಡಿದನು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಮರದ ಸ್ಥಾನವನ್ನು ಫೈಬರ್ ಗ್ಲಾಸ್ ಆಕ್ರಮಿಸಿತು. ಹೊಸ ವಸ್ತುವಿನ ಶಕ್ತಿಯನ್ನು ಸರಿಯಾಗಿ ಅಳೆಯಲಾಗದ ಆರಂಭದ ತಯಾರಕರು ಭಯದಿಂದ ಒಂದೆರಡು ಪದರಗಳನ್ನು ಹೆಚ್ಚಾಗಿಯೇ ಹಾಸಿದರೆಂದು ದೋಣಿ ಬಲ್ಲವರು ಹೇಳುತ್ತಾರೆ. ಅಂದಿನವರ ಆ ಅಳುಕು ಇಂದಿನವರಿಗೆ ಲಾಭವಾಗಿ ಪರಿಣಮಿಸಿದೆ.

ಫೈಬರ್ ಗ್ಲಾಸಿಗೆ ಗೆದ್ದಲು ಹಿಡಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಹಾಗಾದರೆ ಅಂತಹ ದೋಣಿಗೆ ಜೀರ್ಣೋದ್ಧಾರವೇಕೆ? ಮೋಸವಿರುವುದು ಇಲ್ಲಿಯೇ. ಗಾಜಿನ ದೋಣಿಯೆಂದು ಕರೆದರೂ ಅದರ ಹೊಟ್ಟೆಯಲ್ಲಿ ಮರ ಅಡಗಿರುತ್ತದೆ. ಅಟ್ಟ ಗಟ್ಟಿಯಾಗಿಯೂ ಹಗುರವಾಗಿಯೂ ಇರಲೆಂದು ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ಡನ್ನೋ ಬಾಲ್ಸಾ ಎಂಬ ಹಗುರ ಮರವನ್ನೋ ಇಟ್ಟು ಮುಚ್ಚುವುದು ವಾಡಿಕೆ. ಎಂಜಿನ್ನನ್ನು ಹೊರುವ ತೊಲೆಗಳೂ ಅನೇಕ ದೋಣಿಗಳಲ್ಲಿ ಫೈಬರಿನ ಹೊದಿಕೆ ಹೊದ್ದ ಮರವೇ. ಯಾವನೋ ಒಬ್ಬನು ಯಾವಾಗಲೋ ಒಂದು ಕೊಂಡಿಯನ್ನು ಜೋಡಿಸಲು ಒಂದು ತಿರುಪು ಮೊಳೆ ಹೊಡೆದಿರುತ್ತಾನೆ. ಅದರ ಅಂಚಿಗೆ ಅಂಟು ತುಂಬಲು ಮರೆತಿರುತ್ತಾನೆ. ಆ ತೂತಿನಿಂದ ಹನಿಹನಿಯಾಗಿ ಇಳಿದ ನೀರು ಹೊರಬರಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತದೆ. ಹತ್ತು ವರ್ಷಗಳಲ್ಲಿ ಒಳಗಿನ ಮರ ನೆನೆದ ಬೂದಿಯಂತಾಗುತ್ತದೆ. ಹೊರಗಿನ ಬಣ್ಣ ಮಾತ್ರ ಥಳಥಳಿಸುತ್ತಲೇ ಇರುತ್ತದೆ.

ಆದುದರಿಂದ ಬಲ್ಲವನು ಹಳೆಯ ದೋಣಿಯ ಬಣ್ಣವನ್ನು ನೋಡುವುದಿಲ್ಲ. ಅದರ ಸದ್ದನ್ನು ಕೇಳುತ್ತಾನೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸು ಬೆರಳಿನಿಂದ ಬಡಿದು ಬಿರುಕನ್ನು ಗುರುತಿಸುವಂತೆ, ಅವನು ಚಿಕ್ಕ ಸುತ್ತಿಗೆಯಿಂದ ಗೇಣುಗೇಣಿಗೂ ತಟ್ಟುತ್ತ ಹೋಗುತ್ತಾನೆ. ಗಟ್ಟಿಯಿರುವ ಕಡೆ ಟಣ್ಣನೆಯ ನಾದ ಬರುತ್ತದೆ. ಒಳಗೆ ಕೊಳೆತಿದ್ದರೆ ಸದ್ದು ಮಂಕಾಗುತ್ತದೆ. ಸಂದೇಹ ಬಂದಲ್ಲಿ ಸಣ್ಣ ತೂತು ಕೊರೆದು ಹೊರಬಂದ ಪುಡಿಯನ್ನು ಹಿಚುಕಿ ನೋಡುತ್ತಾನೆ. ಎಂಜಿನ್ನನ್ನು ಹಿಂಬದಿಯ ಹಲಗೆಗೆ ತೂಗುಹಾಕುವ ಚಿಕ್ಕ ದೋಣಿಗಳಲ್ಲಿ ಆ ಹಲಗೆಯೇ ಮೊದಲು ಕೊಳೆಯುವ ಭಾಗ. ಎಂಜಿನ್ನಿನ ಮೇಲೆ ಭಾರ ಹೇರಿದಾಗ ಹಲಗೆ ಸ್ವಲ್ಪವಾದರೂ ಬಾಗಿದರೆ ಆ ದೋಣಿಯನ್ನು ನೀರಿಗೆ ಇಳಿಸಲಾಗದು. ಹೊಸ ನಾಲ್ಕು ಹೊಡೆತದ ಎಂಜಿನ್ನುಗಳು ಅಷ್ಟೇ ಶಕ್ತಿಯ ಹಳೆಯ ಎರಡು ಹೊಡೆತದ ಎಂಜಿನ್ನುಗಳಿಗಿಂತ ಸಾಮಾನ್ಯವಾಗಿ ಹೆಚ್ಚು ಭಾರ. ಕೊಳೆತ ಹಲಗೆಗೆ ಅಂತಹ ಎಂಜಿನ್ನನ್ನು ಬಿಗಿದು ನಡುಗಡಲಿಗೆ ಹೋದವನ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ದೋಣಿಯನ್ನು ಕೊಂಡ ಉತ್ಸಾಹಿಯು ಮೊದಲು ಹೊಸ ಎಂಜಿನ್ನಿಗೆ ಹಣ ಕೊಟ್ಟು, ಆಮೇಲೆ ಒಡಲನ್ನು ಪರೀಕ್ಷಿಸುವುದು ಎಲ್ಲೆಡೆಯೂ ಕಂಡುಬರುವ ತಪ್ಪು.

ಕೊಳೆತುದನ್ನು ತೆಗೆಯುವ ಕೆಲಸ ಬೇಸರದ್ದು, ಅಪಾಯದ್ದು. ಮೇಲಿನ ಪದರವನ್ನು ಗರಗಸದಿಂದ ಕತ್ತರಿಸಿ ಎತ್ತಿ, ಒಳಗಿನ ಕೊಳೆತ ಮರವನ್ನು ಒಣಮರ ಸಿಕ್ಕುವವರೆಗೂ ಕೆರೆದು ತೆಗೆಯಬೇಕು. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮವನ್ನು ತುರಿಸುತ್ತದೆ, ಶ್ವಾಸಕೋಶವನ್ನು ಕೆಡಿಸುತ್ತದೆ. ರಾಳದ ಆವಿ ತಲೆ ತಿರುಗಿಸುತ್ತದೆ. ಮೂಗಿಗೆ ಸರಿಯಾದ ಮುಸುಕು, ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯತಕ್ಕದ್ದಲ್ಲ. ಒಡಲು ಒಡೆದಿರುವ ಕಡೆ ತೂತಿಗೆ ತೇಪೆ ಹಚ್ಚಿದರೆ ಸಾಲದು. ತೂತಿನ ಸುತ್ತ ದಪ್ಪದ ಹನ್ನೆರಡರಷ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. ಅರ್ಧ ಅಂಗುಲ ದಪ್ಪದ ಒಡಲಿಗೆ ಸುತ್ತಲೂ ಆರು ಅಂಗುಲ! ಹಳೆಯ ಫೈಬರು ಹೊಸ ರಾಳದೊಡನೆ ಒಂದಾಗಿ ಬೆರೆಯುವುದಿಲ್ಲ; ಹೊಸದು ಹಳೆಯದನ್ನು ಅಂಟಿಕೊಂಡಿರುತ್ತದೆ, ಅಷ್ಟೆ. ಅಂಟುವ ಜಾಗ ವಿಶಾಲವಾದಷ್ಟೂ ಹಿಡಿತ ಹೆಚ್ಚು. ಇಳಿಜಾರಿನ ಮೇಲೆ ಮೊದಲು ದೊಡ್ಡ ತುಂಡನ್ನು ಹಾಸಬೇಕೋ ಚಿಕ್ಕ ತುಂಡನ್ನು ಹಾಸಬೇಕೋ ಎಂಬ ವಿಷಯದಲ್ಲಿ ಕುಶಲಕರ್ಮಿಗಳಲ್ಲಿಯೇ ಎರಡು ಪಂಗಡಗಳಿವೆ. ಇಬ್ಬರ ದೋಣಿಗಳೂ ತೇಲುತ್ತಿವೆ.

ರಾಳದ ಹದ ಅಡುಗೆಯ ಹದಕ್ಕಿಂತ ಸೂಕ್ಷ್ಮವಾದುದು. ಪಾಲಿಎಸ್ಟರ್ ರಾಳಕ್ಕೆ ಗಟ್ಟಿಕಾರಕವನ್ನು ನೂರಕ್ಕೆ ಒಂದೆರಡು ಪಾಲಿನಷ್ಟು ಮಾತ್ರ ಬೆರೆಸುತ್ತಾರೆ. ಕಡಮೆಯಾದರೆ ರಾಳ ಅಂಟಂಟಾಗಿಯೇ ಉಳಿಯುತ್ತದೆ. ಹೆಚ್ಚಾದರೆ ತನ್ನ ಬಿಸಿಯಿಂದಲೇ ಕುದಿದು ಬಿರುಕು ಬಿಡುತ್ತದೆ. ತೇವವೂ ಅದಕ್ಕೆ ಹಗೆ. ಕರ್ನಾಟಕದ ಕರಾವಳಿಯವರಿಗೆ ಇದು ಅನುಭವದಿಂದ ಬಂದ ಅರಿವು. ಯಂತ್ರದ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ಹೋಗುವಂತಿಲ್ಲ. ಮಲ್ಪೆ, ಗಂಗೊಳ್ಳಿ, ಮಂಗಳೂರುಗಳ ದಕ್ಕೆಗಳಲ್ಲಿ ರಿಪೇರಿಗೆ ಬಿಡುವು ದೊರೆಯುವುದು ಆಗಲೇ. ಆದರೆ ಮಳೆ ಸುರಿಯುವುದೂ ಆಗಲೇ. ಫೈಬರಿನ ಕೆಲಸ ಮಾಡುವವನು ಚಪ್ಪರವನ್ನು ನೆಚ್ಚಿ, ಬಿಸಿಲಿನ ದಾರಿ ಕಾಯಬೇಕಾಗುತ್ತದೆ.

ಬಹುಕಾಲ ನೀರಿನಲ್ಲಿಯೇ ನಿಂತ ದೋಣಿಗಳಿಗೆ ಇನ್ನೊಂದು ರೋಗವುಂಟು. ವಿಜ್ಞಾನದ ಪಾಠದಲ್ಲಿ ಓದುವ ಅಭಿಸರಣೆ ಎಂಬ ಕ್ರಿಯೆ ಇಲ್ಲಿ ದೋಣಿಯ ವೈರಿಯಾಗುತ್ತದೆ. ನೀರಿನ ಕಣಗಳು ಹೊರಗಿನ ತೆಳು ಲೇಪವನ್ನು ನುಸುಳಿ, ಒಳಗೆ ಉಳಿದಿರುವ ಕರಗಬಲ್ಲ ಪದಾರ್ಥಗಳೊಡನೆ ಕೂಡಿಕೊಂಡು, ಮತ್ತಷ್ಟು ನೀರನ್ನು ಸೆಳೆದುಕೊಳ್ಳುತ್ತವೆ. ಒಡಲಿನ ಅಡಿಯಲ್ಲಿ ಬೊಕ್ಕೆಗಳು ಏಳುತ್ತವೆ. ಚುಚ್ಚಿದರೆ ಹುಳಿವಾಸನೆಯ ದ್ರವ ಹೊರಬರುತ್ತದೆ. ಬೊಕ್ಕೆಗಳನ್ನು ಕೆರೆದು, ಒಡಲನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಎಂಬ ಇನ್ನೊಂದು ರಾಳವನ್ನು ಬಳಿಯಬೇಕು. ಒಣಗುವ ಮೊದಲೇ ಬಳಿದರೆ ಕಷ್ಟಪಟ್ಟುದೆಲ್ಲ ವ್ಯರ್ಥ.

ಇಷ್ಟಾದ ಮೇಲೆ ಎಂಜಿನ್ನಿನ ಮಾತು. ಬರ್ಟ್ರಮ್ 31ರಂತಹ ದೋಣಿಗಳಲ್ಲಿ ಬಹುಪಾಲಿಗೆ ಮೊದಲು ಇದ್ದುದು ಒಂದು ಜೊತೆ ಪೆಟ್ರೋಲ್ ಎಂಜಿನ್ನುಗಳು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಚದುರುವುದಿಲ್ಲ. ದೋಣಿಯ ತಳಕ್ಕೆ ಇಳಿದು ಕೂರುತ್ತದೆ. ಒಂದು ಕಿಡಿ ಸಾಕು, ಇಡೀ ದೋಣಿ ಸಿಡಿಯುತ್ತದೆ. ಎಂಜಿನ್ನನ್ನು ಚಾಲೂ ಮಾಡುವ ಮೊದಲು ನಾಲ್ಕು ನಿಮಿಷ ಗಾಳಿಯಂತ್ರವನ್ನು ಓಡಿಸಬೇಕೆಂದು ಅಮೆರಿಕದ ದೋಣಿಗಳಲ್ಲಿ ಎಚ್ಚರಿಕೆಯ ಫಲಕವಿರುವುದು ಇದೇ ಕಾರಣಕ್ಕೆ. ಪೆಟ್ರೋಲು ಕೊರೆಯುವ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ; ಡೀಸೆಲ್ ಹಾಗೆ ಆವಿ ಬಿಡಬೇಕಾದರೆ ಅದು 50 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಕ್ಕೆ ಕಾಯಬೇಕು. ಹಳೆಯ ದೋಣಿಗಳ ಒಡೆಯರಲ್ಲಿ ಅನೇಕರು ಡೀಸೆಲಿನ ಕಡೆಗೆ ತಿರುಗಲು ಈ ಸುರಕ್ಷತೆಯೂ, ಎಣ್ಣೆಯ ಉಳಿತಾಯವೂ ಕಾರಣಗಳು.

ಎಣ್ಣೆಯ ತೊಟ್ಟಿಯನ್ನು ಮಾತ್ರ ಹಳೆಯದೇ ಇರಲೆಂದು ಬಿಟ್ಟವರು ಪಶ್ಚಾತ್ತಾಪಪಟ್ಟ ಪ್ರಸಂಗವೊಂದಿದೆ. ಅಂದಿನ ಹಲವು ದೋಣಿಗಳ ತೊಟ್ಟಿಗಳೂ ಫೈಬರ್ ಗ್ಲಾಸಿನವು. ನಾಲ್ಕು ದಶಕ ಅವು ಏನೂ ಆಗದೆ ಬಾಳಿದವು. 2000ದ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಪೆಟ್ರೋಲಿಗೆ ಶೇಕಡಾ 10ರಷ್ಟು ಎಥನಾಲ್ ಬೆರೆಸುವುದು ವ್ಯಾಪಕವಾದಾಗ ತೊಂದರೆ ತಲೆದೋರಿತು. ಎಥನಾಲು ತೊಟ್ಟಿಯ ಹಳೆಯ ರಾಳವನ್ನು ಕರಗಿಸತೊಡಗಿತು. ಹಾಗೆ ಕರಗಿದುದು ಎಂಜಿನ್ನನ್ನು ಸೇರಿ ಅದರ ಕವಾಟಗಳ ಮೇಲೆ ಕಪ್ಪು ಮಡ್ಡಿಯಾಗಿ ಕಟ್ಟಿತು. ಎಂಜಿನ್ನುಗಳೂ ಹಾಳಾದವು, ತೊಟ್ಟಿಗಳೂ ಹಾಳಾದವು. ಅಟ್ಟವನ್ನು ಕತ್ತರಿಸಿ ಹೊಸ ತೊಟ್ಟಿ ಕೂರಿಸುವುದಲ್ಲದೆ ಬೇರೆ ದಾರಿ ಇರಲಿಲ್ಲ.

ಎಂಜಿನ್ ಬದಲಾದರೆ ಅದರೊಡನೆ ಹಲವು ಸಂಗತಿಗಳು ಬದಲಾಗುತ್ತವೆ. ಭಾರ ಹಿಂದಕ್ಕೆ ಸರಿದರೆ ದೋಣಿಯ ಬಾಲ ಮುಳುಗಿ ಮೂತಿ ಆಕಾಶ ನೋಡುತ್ತದೆ. ಪ್ರೊಪೆಲರನ್ನೂ ಹೊಸದಾಗಿ ಲೆಕ್ಕಹಾಕಬೇಕು. ಪ್ರೊಪೆಲರ್ ನೀರಿನಲ್ಲಿ ತಿರುಗುವ ತಿರುಪು ಮೊಳೆ. ಒಂದು ಸುತ್ತಿಗೆ ಅದು ಎಷ್ಟು ಅಂಗುಲ ಮುಂದೆ ಸಾಗಬೇಕೆಂಬ ಅಳತೆಗೆ ಪಿಚ್ ಎಂದು ಹೆಸರು. ಪಿಚ್ ಮಿತಿಮೀರಿದರೆ ಎಂಜಿನ್ನು ಗುಡ್ಡ ಹತ್ತುವ ಎತ್ತಿನಂತೆ ಏದುಸಿರುಬಿಟ್ಟು ಕಪ್ಪು ಹೊಗೆ ಕಾರುತ್ತದೆ. ತೀರ ಕಡಮೆಯಾದರೆ ಹೊರೆಯಿಲ್ಲದೆ ಹುಚ್ಚೆದ್ದು ತಿರುಗುತ್ತದೆ.

ಎಂಜಿನ್ನಿನಿಂದ ಪ್ರೊಪೆಲರಿಗೆ ಹೋಗುವ ಉಕ್ಕಿನ ದಂಡವು ನೇರವಾಗಿ ಕೂರುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಎರಡು ಬಿಲ್ಲೆಗಳು ಮುಖಕ್ಕೆ ಮುಖ ಕೂಡುವಲ್ಲಿ ತೆಳುವಾದ ಉಕ್ಕಿನ ಪಟ್ಟಿಗಳನ್ನು ತೂರಿಸಿ ಸಂದನ್ನು ಅಳೆಯುತ್ತಾರೆ. ನಾಲ್ಕು ಅಂಗುಲ ಅಗಲದ ಬಿಲ್ಲೆಯಲ್ಲಿ ಒಂದು ಅಂಚಿಗೂ ಇನ್ನೊಂದು ಅಂಚಿಗೂ ಅಂಗುಲದ ಸಾವಿರದಲ್ಲಿ ನಾಲ್ಕು ಪಾಲಿಗಿಂತ ಹೆಚ್ಚಿನ ಅಂತರ ಇರಕೂಡದು. ದಡದಲ್ಲಿ ಇಷ್ಟು ಸರಿಯಾಗಿ ಕೂರಿಸಿದರೂ ಕೆಲಸ ಮುಗಿಯುವುದಿಲ್ಲ. ಮರದ ದಿಮ್ಮಿಗಳ ಮೇಲೆ ಕುಳಿತ ದೋಣಿಯ ಆಕಾರವೇ ಬೇರೆ, ನೀರು ಎಲ್ಲ ಕಡೆಯಿಂದಲೂ ಹೊತ್ತ ದೋಣಿಯ ಆಕಾರವೇ ಬೇರೆ. ಕಣ್ಣಿಗೆ ಕಾಣದಷ್ಟು ಅದು ಬಾಗುತ್ತದೆ. ಆದುದರಿಂದ ದೋಣಿಯನ್ನು ನೀರಿಗಿಳಿಸಿ, ಒಂದೆರಡು ದಿನ ಬಿಟ್ಟು, ಮತ್ತೆ ಅಳೆದು ಸರಿಪಡಿಸುತ್ತಾರೆ.

ಇಷ್ಟೆಲ್ಲ ಶ್ರಮಕ್ಕೂ ಖರ್ಚಿಗೂ ತಕ್ಕ ಬೆಲೆ ದೋಣಿಯನ್ನು ಮಾರಿದಾಗ ಬಾರದೆ ಹೋಗಬಹುದು. ಅರ್ಧಕ್ಕೆ ನಿಂತ ದೋಣಿಗಳು ಅನೇಕ ಹಿತ್ತಿಲುಗಳಲ್ಲಿ ಮಳೆನೀರು ತುಂಬಿಕೊಂಡು ಬಿದ್ದಿವೆ. ಅದರ ಜೊತೆಗೆ ಇನ್ನೊಂದು ಲೆಕ್ಕವೂ ಉಂಟು. ಮರದ ದೋಣಿ ಬಿಟ್ಟರೆ ಮಣ್ಣಾಗುತ್ತದೆ, ಕಬ್ಬಿಣದ್ದನ್ನು ಕರಗಿಸಬಹುದು. ಫೈಬರ್ ಗ್ಲಾಸ್ ಮಣ್ಣಾಗುವುದೂ ಇಲ್ಲ, ಕರಗಿ ಮತ್ತೆ ಫೈಬರ್ ಗ್ಲಾಸ್ ಆಗುವುದೂ ಇಲ್ಲ. ಇಂತಹ ದೋಣಿಗಳನ್ನು ಒಡೆದು ವಿಲೇವಾರಿ ಮಾಡುವುದಕ್ಕಾಗಿಯೇ ಫ್ರಾನ್ಸ್ ದೇಶವು 2019ರಲ್ಲಿ ವ್ಯವಸ್ಥೆಯೊಂದನ್ನು ಆರಂಭಿಸಬೇಕಾಯಿತು. ಒಡಲು ಗಟ್ಟಿಯಾಗಿದ್ದರೆ ಅದನ್ನು ಒಡೆಯುವುದಕ್ಕಿಂತ ಅದಕ್ಕೆ ಹೊಸ ಎಂಜಿನ್ ಕೂರಿಸುವುದು ಲೇಸು. ಗಟ್ಟಿಯಾಗಿಲ್ಲದಿದ್ದರೆ ಒಡೆಯುವುದೇ ಲೇಸು.

ಕೊನೆಯ ಪರೀಕ್ಷೆ ನೀರಿನ ಮೇಲೆ. ತೊಟ್ಟಿ ತುಂಬಿಸಿ, ಸಾಮಾನು ಹೇರಿ, ಜನರನ್ನು ಕೂರಿಸಿಕೊಂಡು ಎಂಜಿನ್ನಿನ ವೇಗವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾರೆ. ಪೂರ್ತಿ ಏರಿಸಿದಾಗ ತಯಾರಕರು ಹೇಳಿದ ಸುತ್ತುಗಳ ಸಂಖ್ಯೆಯನ್ನು ಮುಳ್ಳು ಮುಟ್ಟಿದರೆ ಪ್ರೊಪೆಲರು ಸರಿಯಾಗಿದೆ ಎಂದರ್ಥ. ಆಗ ಜೊತೆಯಲ್ಲಿದ್ದವರೆಲ್ಲ ಹಿಂದೆ ಏಳುವ ಬಿಳಿನೊರೆಯನ್ನು ನೋಡುತ್ತ ನಿಂತಿರುತ್ತಾರೆ. ದೋಣಿಯನ್ನು ದುರಸ್ತಿ ಮಾಡಿದವನು ಮಾತ್ರ ಅಟ್ಟದ ಮುಚ್ಚಳವನ್ನು ಎತ್ತಿ, ಕೈದೀಪ ಹಿಡಿದು, ತೊಲೆಗಳ ಬುಡದಲ್ಲಿ ನೀರೇನಾದರೂ ಜಿನುಗುತ್ತಿದೆಯೋ ಎಂದು ಬಗ್ಗಿ ನೋಡುತ್ತಿರುತ್ತಾನೆ.