ಫರ್ನ್‌ಹಿಲ್ ನೋಡಿ ಬಂದವರ ಪ್ರಶ್ನೆಗಳು

ಪ್ರಶ್ನೆ: ಶಾಲೆ ಮಕ್ಕಳನ್ನು ಊಟಿಗೆ ಕರಕೊಂಡು ಹೋಗಿದ್ದೆವು. ಫರ್ನ್‌ಹಿಲ್‌ನಲ್ಲಿ ಕರ್ನಾಟಕ ತೋಟಗಾರಿಕೆ ಇಲಾಖೆಯ ಉದ್ಯಾನ ಕಂಡು ‘ತಮಿಳುನಾಡಿನಾಗ ನಮ್ಮ ತ್ವಾಟ ಹ್ಯಾಂಗ ಬಂತ್ರೀ ಸರ್?’ ಎಂದು ಕೇಳಿದರು. ಮಗ್ಗುಲಿನ ಅರಮನೆ ಯಾರದು?
– ಶಿಕ್ಷಕರು, ರಾಣೆಬೆನ್ನೂರು

ಉತ್ತರ: ಮೈಸೂರು ಒಡೆಯರದು. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಕಟ್ಟಿಸಿದ ಬಂಗಲೆಯನ್ನು 1870ರ ದಶಕದಲ್ಲಿ ಅರಸು ಮನೆತನ ಕೊಂಡಿತು. ಹತ್ತನೇ ಚಾಮರಾಜೇಂದ್ರ ಒಡೆಯರ್ ಆಗಿನ್ನೂ ಹುಡುಗ. ಅಲ್ಲಿಂದ ಅದು ಅರಸರ ಬೇಸಿಗೆ ಮನೆಯಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೀಲಗಿರಿ ಜಿಲ್ಲೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಆದರೆ ಗಡಿ ಎಲ್ಲಿ ಬಿದ್ದರೂ ಆಸ್ತಿ ಅವರವರದೇ ತಾನೆ? ಮುಂದೆ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಕಾಲದಲ್ಲಿ ಅರಮನೆ ಜೀರ್ಣೋದ್ಧಾರಗೊಂಡು ಹೋಟೆಲಾಯಿತು. ನೀವು ನೋಡಿದ ಉದ್ಯಾನ ಬೇರೆ. 38 ಎಕರೆಯ ಆ ಜಾಗವನ್ನು ನಮ್ಮ ತೋಟಗಾರಿಕೆ ಇಲಾಖೆ 2018ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಪ್ರಶ್ನೆ: ಊಟಿಯಿಂದ ತಂದ ನೀಲಿ ಹೈಡ್ರಾಂಜಿಯಾ ಅಂಗಳದಲ್ಲಿ ಹಚ್ಚಿದೆ. ಮುಂದಿನ ಹೂವು ಗುಲಾಬಿ ಬಣ್ಣಕ್ಕೆ ತಿರುಗಿತು, ಎಲೆ ಹಳದಿಯಾಯಿತು, ಮಾರ್ಚ್‌ನಲ್ಲಿ ಗಿಡವೇ ಹೋಯಿತು. ನರ್ಸರಿಯವರು ಮೋಸ ಮಾಡಿದರೇ?
– ಗೃಹಿಣಿ, ಬ್ಯಾಡಗಿ

ಉತ್ತರ: ಇಲ್ಲ ತಾಯಿ, ಮಣ್ಣು ತನ್ನ ಗುಣ ತೋರಿಸಿತು, ಅಷ್ಟೇ. ನೀಲಗಿರಿಯ ಮಣ್ಣು ಹುಳಿ. ಅಂಥ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂವಿಗೆ ನೀಲಿ ಬರುವುದು ಅದರಿಂದ. ನಿಮ್ಮ ಎರೆ ಮಣ್ಣಿನಲ್ಲಿ ಸುಣ್ಣದಂಶ ಜಾಸ್ತಿ, ಪಿಎಚ್ ಎಂಟರ ಆಸುಪಾಸು. ಅಲ್ಲಿ ಅಲ್ಯೂಮಿನಿಯಂ ಸಿಗದೆ ಹೂವು ಗುಲಾಬಿಯಾಯಿತು, ಕಬ್ಬಿಣದಂಶ ಸಿಗದೆ ಎಲೆ ಹಳದಿಯಾಯಿತು. ಉಳಿದದ್ದನ್ನು ಮಾರ್ಚ್ ಬಿಸಿಲು ಮುಗಿಸಿತು. ಕುಂಡದಲ್ಲಿ ಹುಳಿ ಮಣ್ಣು ತುಂಬಿ ಬಣ್ಣ ಉಳಿಸಿಕೊಳ್ಳಬಹುದು, ಬಿಸಿಲಿಗೆ ಏನು ಮಾಡುತ್ತೀರಿ? ನೀಲಿಯೇ ಬೇಕೆಂದರೆ ಬೇಲಿಗೆ ಶಂಖಪುಷ್ಪ ಹಬ್ಬಿಸಿ. ಗೋರಂಟೆ, ಕಣಗಿಲೆ, ದುಂಡುಮಲ್ಲಿಗೆ ನಿಮ್ಮಲ್ಲಿ ಚೆನ್ನಾಗಿ ಬರುತ್ತವೆ.

ಪ್ರಶ್ನೆ: ಗುಡ್ಡದ ಓರೆಯಲ್ಲಿರುವ ನಮ್ಮ ಹಿರಿಯರ ವಾಡೆಯನ್ನು ರಿಪೇರಿ ಮಾಡಿಸಿದ್ದೇವೆ. ಸುತ್ತ ಎರಡು ಎಕರೆ ಗರಸು ಭೂಮಿ ಇದೆ. ಫರ್ನ್‌ಹಿಲ್ ಅರಮನೆಯಂತೆ ಹುಲ್ಲುಹಾಸು, ಅಂಚಿಗೆ ನೀಲಗಿರಿ ಮರ ಬೇಕೆಂದು ಮಗನ ಆಸೆ. ಖರ್ಚಿನ ಚಿಂತೆ ಇಲ್ಲ.
– ಹಾವೇರಿ ತಾಲೂಕಿನ ರೈತರು

ಉತ್ತರ: ನೀರಿನ ಚಿಂತೆ ಇರಲಿ. ನಮ್ಮ ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಲೀಟರ್ ನೀರು ಬೇಕು. ಒಂದು ಗುಂಟೆಗೇ 500 ಲೀಟರ್ ಆಯಿತು. ಎರಡು ಎಕರೆಯೆಂದರೆ 80 ಗುಂಟೆ, ಲೆಕ್ಕ ನೀವೇ ಹಾಕಿ. ಊಟಿ ಇರುವುದು 2,200 ಮೀಟರಿಗೂ ಎತ್ತರದಲ್ಲಿ, ಅಲ್ಲಿ ಮಂಜು ಮತ್ತು ಮಳೆಯೇ ಮಾಲಿ. ವಾಡೆಯ ಮುಂದೆ ಎರಡು ಗುಂಟೆ ಗರಿಕೆ ಬೆಳೆಸಿ, ಸಾಕು.

ಅರಮನೆ ತೋಟದಿಂದ ತರಬೇಕಾದದ್ದು ಗಿಡವಲ್ಲ, ಇಳಿಜಾರನ್ನು ಪಳಗಿಸುವ ರೀತಿ. ಅಲ್ಲಿ ಹಾದಿ ಗುಡ್ಡಕ್ಕೆ ನೆಟ್ಟಗೆ ಏರುವುದಿಲ್ಲ, ಅಡ್ಡಡ್ಡ ಬಳಸಿ ಹೋಗುತ್ತದೆ. ಹೂಮಡಿಗಳು ಮೆಟ್ಟಿಲು ಮೆಟ್ಟಿಲಾಗಿ ಕೂತಿವೆ. ನೀವೂ ಹಾಗೇ ಮಾಡಿ. ಗೌಂಡಿಯವರ ಬಳಿ ನೀರು ತುಂಬಿದ ಲೆವೆಲ್ ಪೈಪ್ ಇರುತ್ತದೆ. ಅದನ್ನು ಹಿಡಿದು ಸಮಮಟ್ಟದ ಗೆರೆಗೆ ಗೂಟ ಹೊಡೆಯುತ್ತಾ ಹೋಗಿ, ಆ ಗೆರೆಯ ಮೇಲೆ ಕಲ್ಲಿನ ಒಡ್ಡು ಹಾಕಿಸಿ. ಒಡ್ಡೇ ಹಾದಿಯಾಗಲಿ. ಅದರ ಮೇಲುಬದಿಯಲ್ಲಿ ಮೊಳಕಾಲುದ್ದ ಕಾಲುವೆ ತೋಡಿಸಿದರೆ ಜೂನ್‌ನ ನೀರು ಅಲ್ಲೇ ಇಂಗುತ್ತದೆ. ಗಿಡ ಹಚ್ಚುವುದು ಒಡ್ಡಿನ ಕೆಳಬದಿಗೆ: ಹೊಂಗೆ, ಬೇವು, ಕಕ್ಕೆ, ಮುತ್ತುಗ. ಮುತ್ತುಗ ಹೂಬಿಟ್ಟರೆ ಯಾವ ಊಟಿ ಬೇಕು?

ನೀಲಗಿರಿ ಮರ ಬೇಡವೇ ಬೇಡ. ಸರ್ಕಾರ 2017ರಲ್ಲೇ ಹೊಸದಾಗಿ ನೆಡುವುದನ್ನು ನಿಷೇಧಿಸಿದೆ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವನ್ನು ಮಗನಿಗೆ ಒಮ್ಮೆ ತೋರಿಸಿ. ಬಯಲು ಹುಲ್ಲಿನಲ್ಲಿ ಓಡಬೇಕಾದ ಪ್ರಾಣಿಯ ನೆಲೆಯಲ್ಲಿ ಸಾಲು ಸಾಲು ನೀಲಗಿರಿ ನಿಂತಿದೆ. ಊಟಿಯ ಹುಲ್ಲುಗಾವಲಿಗೂ ಇದೇ ಗತಿಯಾಯಿತು, ಅಲ್ಲಿ ಜೊತೆಗೆ ವ್ಯಾಟಲ್ ಮರವೂ ಹರಡಿದೆ. ಪ್ರವಾಸಿಗರು ಅದನ್ನೇ ಕಾಡೆಂದು ಫೋಟೋ ತೆಗೆಯುತ್ತಾರೆ!

ಹಳೆಯ ಮರವಿದ್ದರೆ ಅದನ್ನು ನಡುವಿಟ್ಟು ತೋಟ ಮಾಡಿ. ಸವಣೂರಿನ ಕಲ್ಮಠದ ದೊಡ್ಡಹುಣಸೆ ಮರಗಳನ್ನು ನೋಡಿದ್ದೀರಲ್ಲ, ಅವು ಇರುವ ಕಡೆ ಬೇರೆ ಅಲಂಕಾರ ಯಾಕೆ ಬೇಕು? ಇನ್ನೊಂದು ಮಾತು, ವಾಡೆಯ ಗೋಡೆ ಸಂದಿಯಲ್ಲಿ ಅರಳಿ ಸಸಿ ಕಂಡರೆ ಬೇರುಸಮೇತ ಕೀಳಿಸಿ. ಬರೀ ಕತ್ತರಿಸಿದರೆ ಮತ್ತೆ ಚಿಗುರಿ ಕಲ್ಲು ಸೀಳುತ್ತದೆ. ಕಿತ್ತ ಜಾಗಕ್ಕೆ ಸುಣ್ಣದ ಗಾರೆ ತುಂಬಿ, ಸಿಮೆಂಟ್ ಬೇಡ.

ಪ್ರಶ್ನೆ: ಊಟಿಯ ತೋಟ ನೋಡಲು ಯಾವ ತಿಂಗಳು ಒಳ್ಳೆಯದು?
– ಕಾಲೇಜು ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: 1848ರಲ್ಲಿ ಮೆಕೈವರ್ ರೂಪಿಸಿದ ಸರ್ಕಾರಿ ಸಸ್ಯೋದ್ಯಾನದ ಫಲಪುಷ್ಪ ಪ್ರದರ್ಶನ ನೋಡಬೇಕೆಂದರೆ ಮೇ. ಜಾತ್ರೆಯಷ್ಟು ಜನ ಇರುತ್ತಾರೆ. ಗಿಡಗಳನ್ನು ನಿಧಾನವಾಗಿ ನೋಡುವ ಮನಸ್ಸಿದ್ದರೆ ಸೆಪ್ಟೆಂಬರ್‌ನಲ್ಲಿ ಹೋಗಿ. ಸ್ವಂತ ವಾಹನವಾದರೆ 2024ರಿಂದ ಇ-ಪಾಸ್ ನಿಯಮ ಬಂದಿದೆ, ಹೊರಡುವ ಮೊದಲೇ ಮಾಡಿಸಿಕೊಳ್ಳಿ.