ಕೂತವರ ಆಟ

ಖೋ ಖೋ ಎಂದರೆ ಓಟ ಅಂದುಕೊಂಡು ಮಕ್ಕಳನ್ನು ಸೇರಿಸುವ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಹೇಳುವ ಮಾತು ಇದು: ಚಿಕ್ಕವರಿಗೆ ಆ ಆಟದಲ್ಲಿ ಕಷ್ಟವಾಗುವುದು ಕೂರುವುದು. ಎರಡು ಕಂಬಗಳ ನಡುವೆ ಎಂಟು ಚೌಕ, ಎಂಟು ಮಕ್ಕಳು. ಒಬ್ಬರು ಈ ಕಡೆ ಮುಖ ಮಾಡಿದರೆ ಪಕ್ಕದವರು ಆ ಕಡೆ. ಬೆನ್ನಟ್ಟಿ ಓಡುವುದು ಒಂಬತ್ತನೆಯವರೊಬ್ಬರೇ. ಉಳಿದವರು ಬೆನ್ನ ಮೇಲೆ ಕೈ ಬಿದ್ದು, ಕಿವಿಗೆ ‘ಖೋ’ ಬೀಳುವ ತನಕ ಏಳುವ ಹಾಗಿಲ್ಲ. ಎದುರು ತಂಡದ ಹುಡುಗಿ ಕೈಗೆ ಸಿಗುವಷ್ಟು ಹತ್ತಿರ ಹಾದು ಹೋದರೂ ಸುಮ್ಮನೆ ಕೂತಿರಬೇಕು. ಎರಡನೇ ಕ್ಲಾಸಿನ ಮಗುವಿಗೆ ಇದು ಸಾಮಾನ್ಯ ಪರೀಕ್ಷೆಯಲ್ಲ.

ಮೈಸೂರಿನಲ್ಲಿ ನಮ್ಮ ಮಗಳನ್ನು ಬೇಸಿಗೆ ಶಿಬಿರಕ್ಕೆ ಸೇರಿಸಿದಾಗ ಕ್ರಿಕೆಟ್ ಬಿಟ್ಟು ಇದೇಕೆ ಎಂದು ನೆಂಟರು ಕೇಳಿದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಗಂಡಸರು, ಹೆಂಗಸರು ಇಬ್ಬರೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದಿದ್ದರು. ಹೆಂಗಸರ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮದೇ ಜಿಲ್ಲೆಯ ಟಿ. ನರಸೀಪುರ ತಾಲ್ಲೂಕು ಕುರುಬೂರಿನವರು. ಟಿ.ವಿ.ಯಲ್ಲಿ ಅವರ ಆಟ ನೋಡಿದ ಮೇಲೆ ಮಗಳೇ ಹಟ ಹಿಡಿದಳು. ನಮಗೂ ಬೇಕಾಗಿತ್ತು. ಒಬ್ಬಳೇ ಮಗು, ಮನೆಯಲ್ಲಿ ಕೇಳಿದ್ದು ಕೇಳಿದ ಕ್ಷಣಕ್ಕೆ ಸಿಗುತ್ತದೆ, ಪಿಸುಗುಟ್ಟಿದರೂ ಎಲ್ಲರಿಗೂ ಕೇಳಿಸುತ್ತದೆ.

ಮೊದಮೊದಲು ಚೌಕದಲ್ಲಿ ಅವಳು ಕೂರುವ ರೀತಿಯೇ ಬೇರೆ ಇತ್ತು. ಚಕ್ಕಳಮಕ್ಕಳ ಹಾಕಿ ಕೂತು ಮಣ್ಣಿನಲ್ಲಿ ಗೆರೆ ಎಳೆಯುವುದು, ಇರುವೆ ಹೋಗುವುದನ್ನು ನೋಡುವುದು, ಹಿಂದಿನಿಂದ ಹೆಜ್ಜೆ ಸದ್ದು ಕೇಳಿದರೆ ಪೂರಾ ತಿರುಗಿಬಿಡುವುದು. ಕೋಚ್ ಮೇಡಂ ಬೈಯಲಿಲ್ಲ. ಪಕ್ಕಕ್ಕೆ ಬಂದು ಕೂತು, ಎರಡೂ ಅಂಗೈ ನೆಲಕ್ಕೆ ಊರಿಸಿ, ಒಂದು ಪಾದ ಮುಂದಿಡಿಸಿ, ಹಿಮ್ಮಡಿ ಎತ್ತಿಸಿ, “ಹಿಂಗಿದ್ರೆ ಎದ್ದ ತಕ್ಷಣ ಓಡ್ಬೋದು ಪುಟ್ಟಿ, ನೋಡು” ಎಂದು ತಾವೇ ಎದ್ದು ಓಡಿ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಸರ್, ನೀವು ಆ ಹೊಂಗೆ ಮರದ ಹತ್ರ ನಿಂತ್ಕೊಳ್ಳಿ. ಇಲ್ಲಿದ್ರೆ ಅವಳು ನಿಮ್ಮ ಮುಖಾನೇ ನೋಡ್ತಾಳೆ” ಎಂದರು. ಆ ಮರದಡಿ ಅದಾಗಲೇ ನಾಲ್ಕಾರು ಜನ ಅಪ್ಪ ಅಮ್ಮಂದಿರು ಇದ್ದರು. ಅಲ್ಲಿಗೆ ಮೈದಾನದ ಮಾತು ಕೇಳಿಸುತ್ತಿತ್ತು, ನಮ್ಮ ಮುಖ ಮಕ್ಕಳಿಗೆ ಕಾಣುತ್ತಿರಲಿಲ್ಲ. ಎಲ್ಲ ಶಿಬಿರಗಳಲ್ಲೂ ಇಂಥದೊಂದು ಜಾಗ ಗುರುತು ಮಾಡಿಡಬೇಕು.

ಕೂರುವುದನ್ನು ಹೇಗೋ ಕಲಿತಳು. ಖೋ ಕೊಡುವುದು ಬರಲಿಲ್ಲ. ನಿಯಮದ ಪ್ರಕಾರ ಹಿಂದಿನಿಂದ ಮುಟ್ಟಬೇಕು, ಜೋರಾಗಿ ಕೂಗಬೇಕು, ಎದ್ದವರ ಜಾಗದಲ್ಲಿ ತಾನು ಕೂರಬೇಕು. ಇವಳು ಬೆರಳ ತುದಿಯಿಂದ ಮುಟ್ಟಿ, ತುಟಿಯೊಳಗೇ ಖೋ ಅನ್ನುವಳು. ಮನೆಯಲ್ಲಿ ಅವರಮ್ಮ, ನಾನು ಎಷ್ಟು ಪುಸಲಾಯಿಸಿದರೂ ಅಷ್ಟೇ. ಒಂದು ಬೆಳಿಗ್ಗೆ ಚೌಕದಲ್ಲಿದ್ದ ಮೂರನೇ ಕ್ಲಾಸಿನ ಹುಡುಗಿ ಕೂತಲ್ಲಿಂದಲೇ ಗದರಿದಳು: “ಕೇಳಿಸ್ಲಿಲ್ಲ ಕಣೇ! ಜೋರಾಗಿ ಕೊಡೇ, ನಾ ಏಳ್ಬೇಕು!” ಮಗಳು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಇಡೀ ಅಂಗೈಯಿಂದ ಆ ಹುಡುಗಿಯ ಬೆನ್ನಿಗೆ ಬಡಿದು ಕೂಗಿದ್ದು ಹೊಂಗೆ ಮರದವರೆಗೂ ಕೇಳಿಸಿತು. ನನ್ನ ಕಣ್ಣು ತುಂಬಿತು. ನಮ್ಮ ಮುದ್ದಿನಿಂದ ಆಗದಿದ್ದದ್ದು ಆ ಗದರಿಕೆಯಿಂದ ಆಯಿತು, ಏಕೆಂದರೆ ಅದರಲ್ಲಿ ‘ನೀನು ಬೇಕು’ ಎಂಬುದಿತ್ತು. ನಾವು ಅವಳ ದನಿ ಇಷ್ಟಪಡುವವರು. ಅವಳ ದನಿ ಇಲ್ಲದೆ ಕೆಲಸ ನಡೆಯದವರು ಅಲ್ಲಿ ಸಿಕ್ಕರು. ಮಕ್ಕಳ ನಡುವಿನ ಇಂಥ ಮಾತಿಗೆ ದೊಡ್ಡವರು ಅಡ್ಡ ಹೋಗಬಾರದು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ. ಅಳಿಸುವ ಮಾತು ಬೇರೆ, ಆಡಿಸುವ ಮಾತು ಬೇರೆ. ಸ್ವಲ್ಪ ಹೊತ್ತು ಕಾದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ.

ಸ್ಕೋರಿನ ವಿಷಯ ದೊಡ್ಡವರ ತಲೆನೋವು. ಸ್ಕೂಟರಿನಲ್ಲಿ ಬರುವಾಗ ಯಾರು ಗೆದ್ದರೆಂದು ಕೇಳಿದರೆ ಅವಳಿಗೆ ನೆನಪೇ ಇರುತ್ತಿರಲಿಲ್ಲ. ಯಾರು ಯಾರಿಗೆ ಖೋ ಕೊಟ್ಟರು, ಯಾರು ಖೋ ಸಿಗುವ ಮೊದಲೇ ಎದ್ದು ಫೌಲ್ ಮಾಡಿದರು, ಕಂಬ ಸುತ್ತದೆ ಅರ್ಧದಲ್ಲೇ ತಿರುಗಿದವರು ಯಾರು, ಇದೆಲ್ಲ ಒಂದೂ ಬಿಡದೆ ಹೇಳುತ್ತಿದ್ದಳು. ಆಮೇಲೆ ನಾನು “ಇವತ್ತು ಯಾರ ಪಕ್ಕ ಕೂತಿದ್ದೆ?” ಎಂದೇ ಕೇಳತೊಡಗಿದೆ. ಮನೆ ಬರುವ ತನಕ ಮಾತು ಮುಗಿಯುತ್ತಿರಲಿಲ್ಲ.

ಸೇರಿಸುವ ಮುಂಚೆ ಒಂದು ದಿನ ಹೋಗಿ ಮೈದಾನ ನೋಡಿ ಬನ್ನಿ. ಮಣ್ಣಿನಲ್ಲಿ ಕಲ್ಲು, ಗಾಜಿನ ಚೂರು ಆರಿಸಿದ್ದಾರೆಯೇ, ನೀರು ಕುಡಿಯಲು ನಡುನಡುವೆ ಬಿಡುತ್ತಾರೆಯೇ, ಬಿಸಿಲೇರುವ ಮುನ್ನ ಮುಗಿಸುತ್ತಾರೆಯೇ ಎಂದು ಕೇಳಿ. ಟಿ.ವಿ.ಯಲ್ಲಿ ಕಂಡ ಡೈವ್ ಮಾಡಲು ಮಕ್ಕಳು ಆಸೆಪಡುತ್ತಾರೆ. ವಿಶ್ವಕಪ್ ಆಡಿಸಿದ್ದು ಮ್ಯಾಟ್ ಮೇಲೆ, ನಮ್ಮ ಮಕ್ಕಳು ಬೀಳುವುದು ಗಟ್ಟಿ ನೆಲದ ಮೇಲೆ. ಏಳೆಂಟು ವರ್ಷದವರಿಗೆ ಅದನ್ನು ಹೇಳಿಕೊಡುವ ಆತುರ ಇರುವ ಕಡೆ ನಾನಂತೂ ಮಗುವನ್ನು ಬಿಡುವುದಿಲ್ಲ. ಮಂಡಿ ತರಚುವುದು ಮಾತ್ರ ತಪ್ಪದು. ತೊಳೆದು ಮುಲಾಮು ಹಚ್ಚಿದರೆ ಮಾರನೇ ದಿನ ಅವರೇ ಮರೆಯುತ್ತಾರೆ.

ಶಿಬಿರ ಮುಗಿದು ಜೂನ್‌ನಲ್ಲಿ ಶಾಲೆ ಶುರುವಾದಾಗ ಸಂಜೆಯ ಬ್ಯಾಚು ಅವಳ ಸಂಗೀತದ ಪಾಠದ ಹೊತ್ತಿಗೇ ಬಿತ್ತು. ಎರಡೂ ಅವಳಿಗೆ ಬೇಕು. ಮೂರನೇ ಕ್ಲಾಸಿನ ಆ ಹುಡುಗಿ ಯಾವ ಬ್ಯಾಚಿಗೆ ಬರುತ್ತಾಳೆಂದು ತಾನೇ ವಿಚಾರಿಸಿಕೊಂಡು ಬಂದಳು. ಸಂಗೀತದ ಟೀಚರ್ ಹತ್ತಿರ ಮಾತಾಡಿ ಪಾಠವನ್ನು ಭಾನುವಾರ ಬೆಳಿಗ್ಗೆಗೆ ಹಾಕಿಸಿಕೊಂಡಿದ್ದೇವೆ.