ಏನೂ ಆಗದ ದಿನಗಳೂ ಲೆಕ್ಕಕ್ಕೆ ಬರಲಿ

ಮಗು, ಡೇಟಾ ಕೆಲಸಕ್ಕೆ ಸೇರುತ್ತಿದ್ದೀಯಂತೆ, ಖುಷಿಯಾಯಿತು. ರಿಗ್ರೆಷನ್ನು, ಮಷೀನ್ ಲರ್ನಿಂಗು ಎಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಾನು ಹೇಳಬೇಕೆಂದಿರುವುದು ಅದಕ್ಕೂ ಮುಂಚಿನ ಕೆಲಸದ ಮಾತು.

1986ರ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ಷಟಲ್ ನೌಕೆ ಚಾಲೆಂಜರ್ ಮೇಲೇರಿದ 73 ಸೆಕೆಂಡಿಗೆ ಚೂರಾಗಿ, ಒಳಗಿದ್ದ ಏಳೂ ಜನ ಸತ್ತರು. ರಾಕೆಟ್ಟಿನ ಕೀಲಿನಿಂದ ಬಿಸಿ ಅನಿಲ ಸೋರದಂತೆ ಕೂರಿಸಿದ್ದ ರಬ್ಬರ್ ಉಂಗುರ ಚಳಿಗೆ ಗಡುಸಾಗಿ ಕೈಕೊಟ್ಟಿತ್ತು. ಹಿಂದಿನ ರಾತ್ರಿಯೇ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಫೋನಿನಲ್ಲಿ ಗಂಟೆಗಟ್ಟಲೆ ಬೇಡಿಕೊಂಡಿದ್ದರು, ಈ ಚಳಿಯಲ್ಲಿ ಹಾರಿಸಬೇಡಿ ಎಂದು. ಹಾಗಾದರೆ ಅಂಕಿಅಂಶ ಎಲ್ಲಿ ಎಂಬ ಪ್ರಶ್ನೆ ಬಂತು.

ಎಡವಿದ್ದು ಅಲ್ಲೇ. ಅಲ್ಲಿಯವರೆಗಿನ 24 ಹಾರಾಟಗಳ ಪೈಕಿ ಉಂಗುರಕ್ಕೆ ಪೆಟ್ಟಾದದ್ದು ಕಂಡುಬಂದಿದ್ದು ಏಳರಲ್ಲಿ. ಮಾತೆಲ್ಲ ಪೆಟ್ಟಾದವುಗಳ ಸುತ್ತಲೇ ತಿರುಗಿತು. 53 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ನಮ್ಮ ಸುಮಾರು 12 ಡಿಗ್ರಿಯಲ್ಲಿ, ಪೆಟ್ಟಾಗಿತ್ತು. 75ರ ಬೆಚ್ಚನೆಯ ದಿನವೂ ಆಗಿತ್ತು. ಚಳಿಗೂ ಇದಕ್ಕೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಬೇಕಾದ್ದೇ. ಏನೂ ಆಗದೆ ಮುಗಿದ ಹಾರಾಟಗಳನ್ನು ಮಾತ್ರ ಯಾರೂ ಪಕ್ಕದಲ್ಲಿಟ್ಟು ನೋಡಲಿಲ್ಲ. ದುರಂತವಾದ ಮೇಲೆ ಅದರ ತನಿಖೆ ನಡೆಸಿದ ರೋಜರ್ಸ್ ಆಯೋಗ ಎಲ್ಲವನ್ನೂ ಒಂದೇ ಗ್ರಾಫಿನಲ್ಲಿ ಗುರುತಿಸಿತು. 65 ಡಿಗ್ರಿಗಿಂತ ಕೆಳಗೆ ಹಾರಿದ ನಾಲ್ಕಕ್ಕೆ ನಾಲ್ಕರಲ್ಲೂ ಪೆಟ್ಟು. 66 ಮತ್ತು ಅದಕ್ಕೂ ಮೇಲೆ ಹಾರಿದ ಇಪ್ಪತ್ತರಲ್ಲಿ ಮೂರರಲ್ಲಿ ಮಾತ್ರ. ಇದನ್ನು ಕಾಣಲು ಮಾಡೆಲ್ ಬೇಕಿರಲಿಲ್ಲ. ಒಂದು ಗ್ರಾಫ್ ಹಾಳೆ, ಪೆನ್ಸಿಲ್ಲು ಸಾಕಿತ್ತು.

ನಿನ್ನ ಕೈಗೆ ಬರುವ ಫೈಲೂ ಹೀಗೇ ಇರುತ್ತದೆ. ದೂರು ಕೊಟ್ಟವರ ಪಟ್ಟಿ ಇರುತ್ತದೆ, ಕೊಡದವರದ್ದು ಇರುವುದಿಲ್ಲ. ಸಾಲ ಕಟ್ಟದವರ ಮಾಹಿತಿ ದಂಡಿಯಾಗಿ ಸಿಗುತ್ತದೆ, ಸಾಲವೇ ಸಿಗದೆ ವಾಪಸಾದವರದ್ದು ಸಿಗುವುದಿಲ್ಲ. ಇಲ್ಲದ ಸಾಲುಗಳನ್ನು ಕೇಳಿ ತರಿಸಿಕೋ. ಕೇಳಿದರೆ ಮೇಲಿನವರಿಗೆ ಸಿಟ್ಟು ಬರಬಹುದು, ಬರಲಿ.

ಇನ್ನೊಂದು ವಿಷಯ. 53 ಡಿಗ್ರಿಗಿಂತ ಕೆಳಗಿನ ಅನುಭವವೇ ಅವರಿಗಿರಲಿಲ್ಲ. ಅಂದು ಹಾರಿಸಿದ್ದು ನೀರು ಹೆಪ್ಪುಗಟ್ಟುವ ಚಳಿಯ ಬೆಳಿಗ್ಗೆ. ಅಂಕಿಯೇ ಇಲ್ಲದ ಕಡೆಗೂ ಮಾಡೆಲ್ ನಿಸ್ಸಂಕೋಚವಾಗಿ ಗೆರೆ ಎಳೆದು ಒಂದು ಸಂಖ್ಯೆ ಕೊಡುತ್ತದೆ. 1989ರಲ್ಲಿ ಮೂವರು ಸಂಖ್ಯಾಶಾಸ್ತ್ರಜ್ಞರು ಇದೇ ಅಂಕಿಗಳಿಗೆ ಲಾಜಿಸ್ಟಿಕ್ ರಿಗ್ರೆಷನ್ ಹೊಂದಿಸಿ, 31 ಡಿಗ್ರಿಯಲ್ಲಿ ಉಂಗುರ ಪೂರ್ತಿ ಕೈಕೊಡುವ ಸಂಭವ ಕನಿಷ್ಠ ಶೇ. 13 ಎಂದು ಅಂದಾಜಿಸಿದರು. ‘ಕನಿಷ್ಠ’ ಎಂದದ್ದನ್ನು ಗಮನಿಸು. ಬಲ್ಲವರು ಒಂಟಿ ಸಂಖ್ಯೆ ಹೇಳಿ ಕೈತೊಳೆದುಕೊಳ್ಳುವುದಿಲ್ಲ, ಅದು ಎಷ್ಟು ಅಲುಗಾಡೀತು ಎಂಬುದನ್ನೂ ಹೇಳುತ್ತಾರೆ.

ರೋಜರ್ಸ್ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಿಸಿದಾಗ, ನೌಕೆ ನಾಶವಾಗುವ ಸಂಭವ ನೂರಕ್ಕೊಂದು ಎಂದರು ಎಂಜಿನಿಯರುಗಳು. ಲಕ್ಷಕ್ಕೊಂದು ಎಂದಿತು ಆಡಳಿತ. ಲಕ್ಷಕ್ಕೊಂದು ಅಂದರೆ ಸುಮಾರು ಮುನ್ನೂರು ವರ್ಷ ದಿನಾ ಹಾರಿಸಿದರೂ ಒಂದೇ ನೌಕೆ ಹೋಗಬೇಕು! ಇಷ್ಟು ಸಣ್ಣ ಸಂಭವವನ್ನು ಯಾರಾದರೂ ನಿನ್ನ ಮುಂದಿಟ್ಟರೆ, ಎಷ್ಟು ಸಲ ಮಾಡಿ ನೋಡಿದಿರಿ ಎಂದು ಕೇಳು. 2011ರಲ್ಲಿ ಷಟಲ್ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಆದ ಹಾರಾಟಗಳು ಒಟ್ಟು 135, ಕಳೆದುಹೋದ ನೌಕೆಗಳು ಎರಡು. ಎಂಜಿನಿಯರುಗಳ ಲೆಕ್ಕವೇ ಸರಿಯಿತ್ತು.